ಮನುಷ್ಯಋಣ: ದೇವರಿಲ್ಲದ ನೀತಿಯ ಬಗ್ಗೆ ಕೆಲವು ವಿಚಾರಗಳು

ಸ್ನಾತಕೋತ್ತರ ತರಗತಿಯಲ್ಲಿ ‘ಸಂಸ್ಕಾರ’ ಕಾದಂಬರಿಯನ್ನು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ. ದೇವರನ್ನೂ ಪರಲೋಕವನ್ನೂ ನಂಬದ ಮನುಷ್ಯ ಯಾವುದಕ್ಕೆ ಅಂಜಿ ಒಳ್ಳೆಯವನಾಗಿರಬೇಕು ಎಂದು ಆಕೆ ಕೇಳಿದಳು. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜವಾದ ಕುತೂಹಲವಿತ್ತು. ‘ಅಂಥವರಿಗೆ ಮಾನವತಾವಾದವೇ ನೀತಿಯ ಆಧಾರ’ ಎಂದು ಹೇಳಿ ನಾನು ಪ್ರಾಣೇಶಾಚಾರ್ಯರ ಸಂದಿಗ್ಧದ ಕಡೆಗೆ ಹೊರಳಿದೆ. ಆಕೆ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಪರೀಕ್ಷೆಯಲ್ಲಿಯೂ ಅದನ್ನೇ ಬರೆದಳು. ನಾನು ಅಂಕ ಕೊಟ್ಟೆ. ಉತ್ತರ ಮಾತ್ರ ಇಬ್ಬರಿಗೂ ತಿಳಿದಿರಲಿಲ್ಲ.

ಮಾನವತಾವಾದ ಎಂಬ ಪದ ಕನ್ನಡ ವಿಭಾಗಗಳಲ್ಲಿ ಬಳಕೆಯಾಗುವಷ್ಟು ಧಾರಾಳವಾಗಿ ಬೇರೆಲ್ಲಿಯೂ ಬಳಕೆಯಾಗುತ್ತಿರಲಾರದು. ಪಂಪನ ಮಾನವತಾವಾದ, ಬಸವಣ್ಣನ ಮಾನವತಾವಾದ, ಕನಕದಾಸರ ಮಾನವತಾವಾದ, ಕುವೆಂಪು, ಬೇಂದ್ರೆ, ಕಾರಂತರ ಮಾನವತಾವಾದ ಎಂಬ ಶೀರ್ಷಿಕೆಯ ಅಧ್ಯಾಯಗಳು ನಮ್ಮ ಮಹಾಪ್ರಬಂಧಗಳಲ್ಲಿ ಕೊನೆಯ ಹಿಂದಿನ ಅಧ್ಯಾಯವಾಗಿ ಬಂದು ಕೂರುತ್ತವೆ. ಹೀಗೆ ಎಲ್ಲರಿಗೂ ಸಲ್ಲುವ ಮಾತು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಬಸವಣ್ಣನವರ ದಯೆಯು ಕೂಡಲಸಂಗಮದೇವನ ಮೇಲಿನ ಭಕ್ತಿಯಿಂದ ಬೇರೆಯಾಗಿ ನಿಂತದ್ದಲ್ಲ. ಆ ದೇವರು ಇಲ್ಲವೆಂದಾದರೆ ಆ ವಚನಗಳ ಉಸಿರೇ ನಿಲ್ಲುತ್ತದೆ. ಇನ್ನೊಂದು ಕಡೆ, ದೇವರಿಲ್ಲವೆಂದು ತಿಳಿದೇ ಬದುಕಿ ಬರೆದವರೂ ಕನ್ನಡದಲ್ಲಿದ್ದಾರೆ. ನಾವು ಭಕ್ತನಿಂದ ಭಕ್ತಿಯನ್ನು ಕಳೆದು, ನಾಸ್ತಿಕನಿಗೆ ಭಕ್ತಿಯನ್ನು ಕೂಡಿಸಿ, ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೇವೆ. ಇದರಿಂದ ಇಬ್ಬರಿಗೂ ಅನ್ಯಾಯವಾಗಿದೆ. ಎರಡನೆಯವನಿಗೆ ಆಗಿರುವ ಅನ್ಯಾಯವನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕೆಂದಿದ್ದೇನೆ.

ಅದರಲ್ಲಿ ನನ್ನ ಪಾಲೂ ಉಂಟು. ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿ ಒಬ್ಬರು ಎ.ಎನ್. ಮೂರ್ತಿರಾವ್ ಅವರ ಪ್ರಬಂಧಗಳನ್ನು ಕುರಿತು ಮಹಾಪ್ರಬಂಧ ಸಿದ್ಧಪಡಿಸಿದರು. ಒಂದು ಅಧ್ಯಾಯದ ಹೆಸರು ‘ನಾಸ್ತಿಕನ ನೀತಿ’ ಎಂದಿತ್ತು. ಮೌಖಿಕ ಪರೀಕ್ಷೆಗೆ ಬಂದಿದ್ದ ವಿದ್ವಾಂಸರು ಬಹಳ ಸೌಜನ್ಯದಿಂದಲೇ, ಅಷ್ಟು ದೊಡ್ಡವರನ್ನು ನಾಸ್ತಿಕರೆಂದು ಕರೆಯುವುದು ಅವರಿಗೆ ಶೋಭೆ ತರುವುದಿಲ್ಲ, ‘ಆಧ್ಯಾತ್ಮಿಕ ಮಾನವತಾವಾದಿ’ ಎಂದು ತಿದ್ದಬಹುದಲ್ಲ ಎಂದರು. ಅಭ್ಯರ್ಥಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ‘ದೇವರು’ ಎಂಬ ಪುಸ್ತಕವನ್ನು ಬರೆದು, ದೇವರ ಅಸ್ತಿತ್ವಕ್ಕೆ ಕೊಡುವ ಸಮರ್ಥನೆಗಳನ್ನು ಒಂದೊಂದಾಗಿ ತೂಗಿ, ತನಗೆ ಅವು ಒಪ್ಪಿಗೆಯಿಲ್ಲವೆಂದು ನೇರವಾಗಿ ಹೇಳಿದ ಲೇಖಕ ಹೀಗೆ ಒಂದು ಮಧ್ಯಾಹ್ನದಲ್ಲಿ ಆಸ್ತಿಕರಾದರು. ಅವರನ್ನು ಗೌರವಿಸಬೇಕೆಂಬ ಉದ್ದೇಶದಿಂದಲೇ ನಾವು ಅವರ ಮಾತನ್ನು ಕಿತ್ತುಕೊಂಡೆವು.

ಈ ಸಂಕೋಚದ ಬೇರು ಭಾಗಶಃ ಭಾಷೆಯಲ್ಲಿಯೇ ಇದೆ. ಕನ್ನಡದಲ್ಲಿ ‘ಧರ್ಮ’ ಎನ್ನುವುದು ಮತಕ್ಕಿಂತ ಬಹಳ ದೊಡ್ಡ ಪದ. ಧರ್ಮಛತ್ರ, ಧರ್ಮಾಸ್ಪತ್ರೆ, ಧರ್ಮಸಂಕಟ ಎಂಬ ಮಾತುಗಳಲ್ಲಿರುವ ಧರ್ಮಕ್ಕೆ ಯಾವ ದೇವಸ್ಥಾನದ ಹಂಗೂ ಇಲ್ಲ. ‘ಅಮ್ಮಾ, ಧರ್ಮ ಮಾಡಿ’ ಎಂದು ಬೀದಿಯಲ್ಲಿ ಕೈಯೊಡ್ಡುವವನು ಮನೆಯೊಡತಿಯ ಮತ ಯಾವುದೆಂದು ವಿಚಾರಿಸುವುದಿಲ್ಲ. ದುಡ್ಡು ಕೊಡದೆ ದೊರೆತದ್ದನ್ನು ‘ಧರ್ಮಕ್ಕೆ ಸಿಕ್ಕಿತು’ ಎನ್ನುತ್ತೇವೆ. ಹೀಗಿರುವಾಗ ‘ಧರ್ಮವಿಲ್ಲದವನು’ ಎಂದರೆ ಮತವನ್ನು ಬಿಟ್ಟವನೆಂದು ಯಾರಿಗೂ ಕೇಳಿಸುವುದಿಲ್ಲ, ಕರುಣೆಯಿಲ್ಲದವನೆಂದು ಕೇಳಿಸುತ್ತದೆ. ಅರ್ಜಿಯ ನಮೂನೆಯಲ್ಲಿ ಧರ್ಮವೆಂಬ ಅಂಕಣದ ಮುಂದೆ ‘ಇಲ್ಲ’ ಎಂದು ಬರೆಯುವವನು ತನ್ನ ಶೀಲದ ಬಗ್ಗೆಯೇ ಏನನ್ನೋ ಒಪ್ಪಿಕೊಂಡಂತಾಗುತ್ತದೆ. 2011ರ ಜನಗಣತಿಯಲ್ಲಿ ದೇಶದಾದ್ಯಂತ ಧರ್ಮವನ್ನು ನಮೂದಿಸದವರ ಸಂಖ್ಯೆ ಸುಮಾರು 28 ಲಕ್ಷ. ಇವರೆಲ್ಲರೂ ನಂಬಿಕೆಯಿಲ್ಲದವರೆಂದು ಹೇಳಲಾಗದು. ಆದರೆ ಆ ಅಂಕಣದ ಮುಂದೆ ಲೇಖನಿ ತಡೆದು ನಿಂತವರು ಅವರಲ್ಲಿ ಕೆಲವರಾದರೂ ಇರಬೇಕು.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೂ ಆಕೆಯ ಕೈಯಲ್ಲಿದ್ದ ಪುಸ್ತಕಕ್ಕೂ ಬರೋಣ. 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ವನ್ನು ಕುರಿತು ಕನ್ನಡದಲ್ಲಿ ಬಂದಿರುವಷ್ಟು ವಿಮರ್ಶೆ ಬೇರೆ ಕಾದಂಬರಿಗಳಿಗೆ ದೊರೆತಿರುವುದು ವಿರಳ. ಕಥೆಯ ಹಂದರ ನಮಗೆಲ್ಲ ತಿಳಿದದ್ದೇ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಭ್ರಷ್ಟನಾದ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರವನ್ನು ಯಾರು ಮಾಡಬೇಕು ಎಂಬುದು ಪ್ರಶ್ನೆ. ಪ್ರಾಣೇಶಾಚಾರ್ಯರು ಓಲೆಗರಿಗಳನ್ನು ತಿರುವಿಹಾಕುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ. ಗ್ರಂಥವೂ ಉತ್ತರ ಕೊಡುವುದಿಲ್ಲ, ದೇವರೂ ಕೊಡುವುದಿಲ್ಲ. ಇಲ್ಲಿಂದ ಮುಂದೆ ನಮ್ಮ ವಿಮರ್ಶೆ ಆಚಾರ್ಯರ ಬೆನ್ನು ಹತ್ತಿ ಕಾಡಿಗೆ, ಜಾತ್ರೆಗೆ, ಪುಟ್ಟನ ಜೊತೆಗೆ ಹೋಗಿಬಿಡುತ್ತದೆ. ಅಸ್ತಿತ್ವವಾದ, ಆಯ್ಕೆ, ವ್ಯಕ್ತಿತ್ವದ ಬಿಕ್ಕಟ್ಟು ಮೊದಲಾದ ಪರಿಭಾಷೆಗಳೆಲ್ಲ ಆ ದಾರಿಯಲ್ಲಿ ಸಿಕ್ಕಿದವು.

ಇಷ್ಟರ ನಡುವೆ ಹೆಣ ಸುಟ್ಟವರು ಯಾರು ಎಂದು ನಾವು ಕೇಳುವುದನ್ನು ಮರೆಯುತ್ತೇವೆ. ಅದನ್ನು ಸುಟ್ಟವರು ಚಂದ್ರಿ ಮತ್ತು ಅಹಮದ್ ಬ್ಯಾರಿ. ಕೊಳೆಯುತ್ತಿರುವ ಶವವನ್ನು ಹಾಗೆಯೇ ಬಿಡಲಾಗದೆ ಚಂದ್ರಿ ರಾತ್ರಿಯಲ್ಲಿ ನೆರವು ಕೇಳಿಕೊಂಡು ಹೊರಡುತ್ತಾಳೆ. ಮೊದಲು ಕೇಳಿದವನು ಬ್ರಾಹ್ಮಣನ ಹೆಣವನ್ನು ಮುಟ್ಟಲು ಹೆದರುತ್ತಾನೆ. ಆಮೇಲೆ ಮುಸಲ್ಮಾನರ ಕೇರಿಗೆ ಹೋಗುತ್ತಾಳೆ. ಮೀನು ವ್ಯಾಪಾರದ ಅಹಮದ್ ಬ್ಯಾರಿಗೆ ತಾನು ಕಷ್ಟದಲ್ಲಿದ್ದಾಗ ಎತ್ತು ಕೊಳ್ಳಲು ನಾರಣಪ್ಪ ಸಾಲ ಕೊಟ್ಟದ್ದು ನೆನಪಾಗುತ್ತದೆ. ಅವನು ಗಾಡಿ ಕಟ್ಟಿಕೊಂಡು ಬರುತ್ತಾನೆ. ಸೌದೆ ಹೇರಿ, ಶವವನ್ನು ಸಾಗಿಸಿ ಸುಡುತ್ತಾರೆ. ಚಂದ್ರಿ ಅಳುತ್ತಾಳೆ, ತನ್ನ ಊರಿನ ದಾರಿ ಹಿಡಿಯುತ್ತಾಳೆ. ಅಗ್ರಹಾರಕ್ಕೆ ಇದರ ಸುಳಿವೂ ಇಲ್ಲ. ಬೂದಿಯಾದ ಹೆಣವನ್ನು ಮುಂದಿಟ್ಟುಕೊಂಡು ಬ್ರಾಹ್ಮಣರು ಮಠದ ಅಪ್ಪಣೆಗಾಗಿ ಅಲೆಯುತ್ತಾರೆ. ಕಾದಂಬರಿಯಲ್ಲಿ ಈ ಭಾಗ ಕೆಲವೇ ಪುಟಗಳದ್ದು, ನಮ್ಮ ವಿಮರ್ಶೆಯಲ್ಲಿ ಅಷ್ಟೂ ಇಲ್ಲ.

ಈ ಸನ್ನಿವೇಶವನ್ನು ಹಿಂದೂ ಮುಸ್ಲಿಂ ಸಾಮರಸ್ಯದ ಉದಾಹರಣೆಯಾಗಿ ಓದುವ ರೂಢಿಯೂ ಇದೆ. ನನಗೆ ಅದು ಅಷ್ಟು ಸರಿಯೆನಿಸುವುದಿಲ್ಲ. ಅಹಮದ್ ಬ್ಯಾರಿ ಮಾಡಿದ ಕೆಲಸವನ್ನು ಅವನ ಮತ ವಿಧಿಸಿಲ್ಲ, ಅಲ್ಲಿ ಶವವನ್ನು ಹೂಳುವುದೇ ಪದ್ಧತಿ. ನಾರಣಪ್ಪನ ಮತವಂತೂ ಅವನ ಮುಟ್ಟುವಿಕೆಯನ್ನೇ ಒಪ್ಪುವುದಿಲ್ಲ. ಎರಡು ಧರ್ಮಗಳೂ ಬಾಯಿಮುಚ್ಚಿಕೊಂಡ ಸ್ಥಳದಲ್ಲಿ ಅವನು ನಿಂತಿದ್ದಾನೆ. ಅವನು ನಾಸ್ತಿಕನಲ್ಲ, ಇರಬೇಕಾಗಿಯೂ ಇಲ್ಲ. ಆ ರಾತ್ರಿಯ ಮಟ್ಟಿಗೆ ಅವನ ಕೈ ಎತ್ತಿದ್ದು ದೇವರಲ್ಲ, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಬಾಕಿ ಉಳಿಸಿಕೊಂಡಿದ್ದ ಋಣ. ಇದಕ್ಕೆ ಎದುರಾಗಿ ಆಚಾರ್ಯರನ್ನು ನೋಡಿ. ರೋಗಿಷ್ಠೆಯಾದ ಭಾಗೀರಥಿಯನ್ನು ಅವರು ವರ್ಷಗಟ್ಟಲೆ ನಿಷ್ಠೆಯಿಂದ ಆರೈಕೆ ಮಾಡುತ್ತಾರೆ. ಅದು ಸಣ್ಣ ಮಾತಲ್ಲ. ಆದರೆ ಆ ಸೇವೆ ಆಚಾರ್ಯರ ಮನಸ್ಸಿನಲ್ಲಿ ತಮ್ಮ ಪಕ್ವತೆಯ, ತಮ್ಮ ಮೋಕ್ಷದ ಸಾಧನವಾಗಿದೆ. ಹಾಸಿಗೆಯ ಮೇಲಿರುವ ಹೆಂಗಸು ಅವರ ತಪಸ್ಸಿನ ಒಂದು ಉಪಕರಣ. ಚಂದ್ರಿಯೂ ಬ್ಯಾರಿಯೂ ಹೆಣ ಸುಡುವುದರಿಂದ ಪುಣ್ಯವನ್ನು ಎಣಿಸುವುದಿಲ್ಲ. ಕೆಲಸ ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಪುಣ್ಯವೆಂಬ ಲೆಕ್ಕದ ಪುಸ್ತಕವಿಲ್ಲದೆಯೂ ಒಳ್ಳೆಯದು ನಡೆಯಬಲ್ಲದು, ಕೆಲವೊಮ್ಮೆ ಆ ಪುಸ್ತಕವಿಲ್ಲದಿರುವುದರಿಂದಲೇ ನಡೆಯಬಲ್ಲದು ಎಂಬುದನ್ನು ಅನಂತಮೂರ್ತಿಯವರು ಆ ಪುಟಗಳಲ್ಲಿ ಒಂದು ವಾದವನ್ನೂ ಹೂಡದೆ ತೋರಿಸಿದ್ದಾರೆ.

ಋಣ ಎಂಬ ಮಾತನ್ನು ಇಲ್ಲಿ ಯೋಚಿಸಿಯೇ ಬಳಸಿದ್ದೇನೆ. ವೈದಿಕ ಪರಂಪರೆಯಲ್ಲಿ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಪ್ರಸಿದ್ಧವಾಗಿವೆ. ಶತಪಥ ಬ್ರಾಹ್ಮಣವು ಇವುಗಳ ಜೊತೆಗೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಹೇಳಿದೆ. ಬಂದವರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಅದು ತೀರುತ್ತದೆ. ಮುಂದಿನ ಕಾಲದ ಪ್ರವಚನಗಳಲ್ಲಿ ಮೂರು ಋಣಗಳು ಉಳಿದವು, ನಾಲ್ಕನೆಯದು ಹಿಂದೆ ಸರಿಯಿತು. ಆದರೆ ಜನರ ಮಾತಿನಲ್ಲಿ ಅದೇ ಬಲವಾಗಿ ಉಳಿದಿದೆ. ಅನ್ನದ ಋಣ, ಮಣ್ಣಿನ ಋಣ, ಹೆತ್ತವರ ಋಣ ಎನ್ನುತ್ತೇವೆ. ಒಬ್ಬರೊಡನೆ ಬಾಳ್ವೆ ಮುಗಿದರೆ ‘ಋಣ ತೀರಿತು’ ಎನ್ನುತ್ತೇವೆ. ಕಂಡವರ ಸಂಕಟಕ್ಕೆ ಕರುಳು ಚುರುಕ್ಕೆನ್ನುತ್ತದೆ ಎನ್ನುವಾಗಲೂ, ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವಾಗಲೂ ಯಾವ ದೇವರ ಸಾಕ್ಷಿಯನ್ನೂ ಕರೆದಿರುವುದಿಲ್ಲ. ದೇವಋಣವೊಂದನ್ನು ಮನ್ನಾ ಮಾಡಿದರೂ ಉಳಿದವುಗಳ ಭಾರ ತಗ್ಗುವುದಿಲ್ಲ. ನಂಬಿಕೆಯಿಲ್ಲದವನಿಗೆ ಅದು ಸ್ವಲ್ಪ ಹೆಚ್ಚೇ ಆಗುತ್ತದೆ ಎಂದು ನನಗೆ ತೋರುತ್ತದೆ. ಪ್ರಾಯಶ್ಚಿತ್ತದಿಂದಲೋ ಕಾಣಿಕೆಯಿಂದಲೋ ಅದನ್ನು ಬೇರೆಡೆ ವರ್ಗಾಯಿಸುವ ಅನುಕೂಲ ಅವನಿಗಿಲ್ಲ. ಯಾರಿಗೆ ಕೆಡುಕು ಮಾಡಿದನೋ ಅವರ ಮುಂದೆಯೇ ಅವನು ನಿಲ್ಲಬೇಕು.

ಶಿವರಾಮ ಕಾರಂತರ ಬರವಣಿಗೆಯಲ್ಲಿ ಈ ಋಣಪ್ರಜ್ಞೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಿಂದಿನವರು ಕಟ್ಟಿಟ್ಟ ಬದುಕಿನ ಮೇಲೆ ನಾವು ಬದುಕುತ್ತೇವೆ, ಆದುದರಿಂದ ಅದನ್ನು ಕೆಡಿಸದೆ, ಆದರೆ ಸ್ವಲ್ಪ ಹಸನಾಗಿಸಿ ಮುಂದಿನವರಿಗೆ ಬಿಡಬೇಕು ಎಂಬ ನಿಲುವು ಅವರದು. ‘ಬಾಳ್ವೆಯೇ ಬೆಳಕು’ ಎಂಬ ಪುಸ್ತಕದ ಹೆಸರಿನಲ್ಲಿಯೇ ಬೆಳಕನ್ನು ಬಾಳ್ವೆಯ ಹೊರಗೆ ಹುಡುಕುವ ಅಗತ್ಯವಿಲ್ಲವೆಂಬ ಸೂಚನೆ ಇದೆ. ಇಳಿವಯಸ್ಸಿನಲ್ಲಿ, 1989ರಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಅವರು ಲೋಕಸಭಾ ಚುನಾವಣೆಗೆ ನಿಂತದ್ದನ್ನು ಹಟಮಾರಿತನವೆಂದವರೂ ಇದ್ದರು. ನಾನು ಅದನ್ನು ಈ ನಿಲುವಿನ ಮುಂದುವರಿಕೆಯೆಂದು ಓದುತ್ತೇನೆ. ಮರುಹುಟ್ಟಿನ ಆಸೆಯಿಲ್ಲದ ಮುದುಕನೊಬ್ಬ ತಾನು ನೋಡದ ಕಾಲದ ಮಕ್ಕಳಿಗಾಗಿ ಓಡಾಡುತ್ತಿದ್ದ.

ಹೀಗಿದ್ದೂ ‘ಮೂಕಜ್ಜಿಯ ಕನಸುಗಳು’ ಎಂಬ ಕೃತಿಯನ್ನು ನಾವು ಏನು ಮಾಡಿದ್ದೇವೆ? 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂದ ಮೇಲೆ ಅಜ್ಜಿ ದಾರ್ಶನಿಕಳಾದಳು, ಋಷಿಸದೃಶಳಾದಳು. ಮೊಮ್ಮಗ ಸುಬ್ಬರಾಯ ತಂದು ಕೊಡುವ ಮೂಳೆಯನ್ನೋ ಕಲ್ಲಿನ ಚೂರನ್ನೋ ಮುಟ್ಟಿ ಅವಳು ಕಾಣುವುದು ದೇವರನ್ನಲ್ಲ. ದೇವರುಗಳನ್ನು ಕಲ್ಪಿಸಿಕೊಂಡ, ಬದಲಾಯಿಸಿಕೊಂಡ, ಒಬ್ಬರ ದೇವರನ್ನು ಇನ್ನೊಬ್ಬರು ಕೆಡವಿದ ಮನುಷ್ಯರ ಚರಿತ್ರೆಯನ್ನು. ಬಾಲವಿಧವೆಯಾಗಿ ಉಳಿದ ಅವಳಿಗೆ ಶಾಸ್ತ್ರ ಏನನ್ನೂ ಕೊಟ್ಟಿಲ್ಲ. ಆದರೂ ನಾಗಿಯಂಥವಳ ಬದುಕನ್ನು ತೂಗುವಾಗ ಅವಳಲ್ಲಿ ಊರಿನ ಕಟ್ಟಳೆಗಿಂತ ದೊಡ್ಡ ಔದಾರ್ಯವಿದೆ. ಆ ಔದಾರ್ಯ ಎಲ್ಲಿಂದ ಬಂತು ಎಂಬುದು ಸಂಶೋಧನೆಗೆ ಅರ್ಹವಾದ ಪ್ರಶ್ನೆ. ‘ಅಲೌಕಿಕ ದೃಷ್ಟಿ’ ಎಂದುಬಿಟ್ಟರೆ ಪ್ರಶ್ನೆಯೇ ಉಳಿಯುವುದಿಲ್ಲ.

ಕುವೆಂಪು ಅವರ ವಿಷಯ ಬೇರೆ, ಅದನ್ನು ಬೇರೆಯಾಗಿಯೇ ಇಡಬೇಕು. ಅವರು ಮತವನ್ನು ಬಿಡಬೇಕೆಂದರು, ಆಧ್ಯಾತ್ಮವನ್ನು ಬಿಡಲಿಲ್ಲ. ರಾಮಕೃಷ್ಣ ಪರಂಪರೆಯಲ್ಲಿ ದೀಕ್ಷೆ ಪಡೆದ ಕವಿಗೆ ವಿಶ್ವಮಾನವತ್ವ ಒಂದು ಆತ್ಮದರ್ಶನ. ಮೂರ್ತಿರಾಯರು ಎರಡನ್ನೂ ಬಿಟ್ಟವರು. ಇವರಿಬ್ಬರ ನಡುವಣ ಅಂತರವನ್ನು ಅಳೆಯುವುದು ಯಾರಿಗೂ ಅಗೌರವವಲ್ಲ. 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದ ಮೂರ್ತಿರಾಯರು ‘ದೇವರು’ ಪುಸ್ತಕವನ್ನು ಪ್ರಕಟಿಸಿದ್ದು ತೊಂಬತ್ತರ ಹರೆಯದಲ್ಲಿ. ಹರೆಯದಲ್ಲಿ ನಾಸ್ತಿಕರಾಗಿದ್ದವರೂ ಮುಪ್ಪಿನಲ್ಲಿ ಜಪಮಣಿ ಹಿಡಿಯುತ್ತಾರೆಂಬ ಮಾತಿಗೆ ಅದೊಂದು ಉತ್ತರ. ಆ ಪುಸ್ತಕದಲ್ಲಿ ಕೋಪವಿಲ್ಲ, ನಂಬುವವರ ಮೇಲೆ ತಾತ್ಸಾರವಿಲ್ಲ. ಲಲಿತ ಪ್ರಬಂಧಕಾರನೊಬ್ಬ ಸಂಜೆ ಜಗುಲಿಯ ಮೇಲೆ ಕುಳಿತು ಮಾತಾಡುವ ಧಾಟಿಯಲ್ಲಿ, ಕರುಣಾಮಯನೂ ಸರ್ವಶಕ್ತನೂ ಆದವನ ಲೋಕದಲ್ಲಿ ಇಷ್ಟು ದುಃಖವೇಕೆ ಎಂದು ಕೇಳುತ್ತಾ ಹೋಗುತ್ತಾರೆ. ದುಃಖದ ಅರಿವೇ ಅಲ್ಲಿ ನಾಸ್ತಿಕತೆಯ ಮೂಲ, ಅದೇ ನೀತಿಯ ಮೂಲವೂ ಹೌದು. ಇದು ನನ್ನ ಓದು. ಬೇರೆ ಓದಿಗೆ ಅವಕಾಶವಿದ್ದೇ ಇದೆ. ಮೌಖಿಕ ಪರೀಕ್ಷೆಯ ದಿನ ನಾನು ಇಷ್ಟನ್ನಾದರೂ ಹೇಳಬಹುದಾಗಿತ್ತು.

ಇನ್ನು ಎಚ್. ನರಸಿಂಹಯ್ಯನವರು. ಅವರನ್ನು ನಾವು ಸಾಹಿತ್ಯದ ಚರ್ಚೆಯಲ್ಲಿ ಸೇರಿಸುವುದು ಕಡಿಮೆ, ‘ಹೋರಾಟದ ಹಾದಿ’ ಒಳ್ಳೆಯ ಆತ್ಮಕಥನವಾಗಿದ್ದರೂ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಅವರು ಸಮಿತಿಯೊಂದನ್ನು ರಚಿಸಿದ್ದು ಎಲ್ಲರಿಗೂ ತಿಳಿದಿದೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು, ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದವರು ಖಾದಿ ಉಟ್ಟು, ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬದುಕಿದ ರೀತಿ. ಸನ್ಯಾಸಿಯ ಶಿಸ್ತು ಇತ್ತು, ಮಠ ಇರಲಿಲ್ಲ. ಅದೇ 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ತುರ್ತುಪರಿಸ್ಥಿತಿಯಲ್ಲಿ ಜನರ ಬಾಯಿಗೆ ಬೀಗ ಹಾಕಿದ ಸರಕಾರವೇ ಮಾನವೀಯತೆಯನ್ನು ಕರ್ತವ್ಯವೆಂದು ಬರೆಯಿತೆಂಬುದು ಚರಿತ್ರೆಯ ವ್ಯಂಗ್ಯ.

ಆ ವ್ಯಂಗ್ಯವನ್ನು ಲಘುವಾಗಿ ತೆಗೆದುಕೊಳ್ಳಬಾರದು. ದೇವರನ್ನು ಅಧಿಕೃತವಾಗಿ ಹೊರಹಾಕಿದ ಪ್ರಭುತ್ವಗಳು 20ನೆಯ ಶತಮಾನದಲ್ಲಿ ಲಕ್ಷಾಂತರ ಜನರನ್ನು ಕೊಂದಿವೆ. ದೇವರ ಭಯ ತಡೆಯದ ಕೊಲೆಯನ್ನು ದೇವರಿಲ್ಲದಿರುವಿಕೆಯೂ ತಡೆಯಲಿಲ್ಲ. ಕಮ್ಯುನಿಸ್ಟ್ ಚಳವಳಿಯ ಒಳಗಿನಿಂದ ಬಂದ ಎಂ.ಎನ್. ರಾಯ್ 1940ರ ದಶಕದ ಕೊನೆಗೆ ತಮ್ಮ ಪಕ್ಷವನ್ನೇ ವಿಸರ್ಜಿಸಿ ನವಮಾನವತಾವಾದದ ಕಡೆಗೆ ಹೊರಳಿದ್ದು, ಸಮೂಹದ ಹೆಸರಿನಲ್ಲಿ ವ್ಯಕ್ತಿಯನ್ನು ಬಲಿಗೊಡುವುದೂ ಒಂದು ಮತವೇ ಎಂದು ಕಂಡುಕೊಂಡದ್ದರಿಂದ. ನಾಸ್ತಿಕತೆ ನೀತಿಯಲ್ಲ. ಅದು ನೀತಿಯನ್ನು ಹುಡುಕುವ ಹೊಣೆಯನ್ನು ನಮ್ಮ ತಲೆಯ ಮೇಲೆ ಹಾಕುತ್ತದೆ, ಅಷ್ಟೇ.

ಕನ್ನಡದಲ್ಲಿ ವಿಚಾರವಾದಕ್ಕೆ ಬಂದ ಗಂಭೀರವಾದ ಆಕ್ಷೇಪ ಸಂಪ್ರದಾಯವಾದಿಗಳಿಂದ ಬಂದದ್ದಲ್ಲ, ಹೆಣ ಸುಟ್ಟ ಪುಟಗಳನ್ನು ಬರೆದ ಅನಂತಮೂರ್ತಿಯವರಿಂದಲೇ ಬಂತು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು. ಆ ಹಿನ್ನೆಲೆಯಲ್ಲಿ ಅವರು ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂದು ಕೇಳಿದರು. ಅಲ್ಲಿ ಅವರು ಆಚರಣೆಯನ್ನು ಸಮರ್ಥಿಸುತ್ತಿರಲಿಲ್ಲ. ಓದಿಕೊಂಡ ನಮಗೆ ನಂಬುವವರ ಲೋಕದ ಮೇಲೆ ಇಷ್ಟು ಖಚಿತವಾದ ಅಧಿಕಾರ ಎಲ್ಲಿಂದ ಬಂತು ಎಂಬುದು ಅವರನ್ನು ಕಾಡಿದ ಸಂಗತಿ. ಆ ಪ್ರಶ್ನೆ ನನ್ನನ್ನು ಬಹಳ ಕಾಲ ಮೌನವಾಗಿಸಿತ್ತು. ಈಗ ನನಗೆ ಅನಿಸುವುದಿಷ್ಟು. ನಂಬುವವರ ಘನತೆಯನ್ನು ಕಾಯಬೇಕೆನ್ನುವುದು ಮಾನವತಾವಾದದ್ದೇ ಮಾತು. ಆದರೆ ಆ ಸಾಲಿನಲ್ಲಿ ಹರಕೆ ಹೊತ್ತು ನಡೆಯುವ ಬಡ ಹೆಂಗಸರ ಘನತೆಯನ್ನು ಕಾಯುವವರು ಯಾರು? ಅವರನ್ನು ಕೇಳದೆ ತಡೆಯುವುದೂ ತಪ್ಪು, ಅವರನ್ನು ಕೇಳದೆ ‘ಅದು ಅವರ ನಂಬಿಕೆ’ ಎಂದು ದೂರ ನಿಲ್ಲುವುದೂ ತಪ್ಪು. ಇವೆರಡರ ನಡುವೆ ಇರುವ ದಾರಿ ನಿಧಾನವಾದದ್ದು, ಆ ಹೆಂಗಸರ ಮನೆಯ ಜಗುಲಿಯನ್ನು ಹಾದುಹೋಗುವಂಥದು. ನಮ್ಮ ವೇದಿಕೆಯ ಭಾಷಣಗಳು ಆ ದಾರಿಯಲ್ಲಿ ಹೋಗಲಿಲ್ಲ.

ಕವಿರಾಜಮಾರ್ಗವನ್ನು ಪಾಠ ಮಾಡುವಾಗ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವ ಗುಣವೇ ನಿಜವಾದ ಸಂಪತ್ತೆಂಬ ಭಾವವನ್ನು ನಾವೆಲ್ಲ ಹೆಮ್ಮೆಯಿಂದ ವಿವರಿಸುತ್ತೇವೆ. ವಿವರಣೆಯಲ್ಲಿ ಧರ್ಮದ ಭಾಗಕ್ಕೆ ಹೆಚ್ಚು ಹೊತ್ತು ನಿಲ್ಲುತ್ತೇವೆ, ವಿಚಾರದ ಭಾಗವನ್ನು ಅದರ ಪರ್ಯಾಯಪದವೆಂಬಂತೆ ದಾಟುತ್ತೇವೆ. 9ನೆಯ ಶತಮಾನದ ಆ ಗ್ರಂಥ ಎರಡನ್ನೂ ಬೇರೆಬೇರೆಯಾಗಿ ಹೇಳಿದೆ. ಹಳಗನ್ನಡದ ಮೊದಲ ದೊಡ್ಡ ಕವಿಗಳು ಜಗತ್ಕರ್ತನಾದ ಈಶ್ವರನನ್ನು ಒಪ್ಪದ ಜೈನಧರ್ಮಕ್ಕೆ ಸೇರಿದವರೆಂಬುದನ್ನೂ ನಾವು ವಿದ್ಯಾರ್ಥಿಗಳಿಗೆ ಅಷ್ಟಾಗಿ ಒತ್ತಿ ಹೇಳುವುದಿಲ್ಲ. ಅಲ್ಲಿ ಕರ್ಮದ ಕಟ್ಟು ಬಿಗಿಯಾಗಿದೆ, ನಿಜ. ಆದರೂ ಸೃಷ್ಟಿಕರ್ತನ ಅಪ್ಪಣೆಯಿಲ್ಲದೆ ಅಹಿಂಸೆಯನ್ನು ಕಟ್ಟಬಹುದೆಂಬುದು ಕನ್ನಡಕ್ಕೆ ಹೊರಗಿನಿಂದ ಬಂದ ಹೊಸ ಸುದ್ದಿಯಲ್ಲ. ಪರವಿಚಾರವನ್ನು ಸಹಿಸದ ಕಾಲದಲ್ಲಿ ಏನಾಗುತ್ತದೆಂಬುದನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ನೋಡಿದೆವು. ಎಂ.ಎಂ. ಕಲಬುರ್ಗಿಯವರು ವಚನಗಳ, ಶಾಸನಗಳ ಸಂಶೋಧಕರು. ನಮ್ಮದೇ ಕ್ಷೇತ್ರದ ಹಿರಿಯರು. ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ಬಳಿಕ ಅಧ್ಯಾಯಗಳ ಹೆಸರು ತಿದ್ದುವ ನಮ್ಮ ಅಭ್ಯಾಸಕ್ಕೆ ಸೌಜನ್ಯದ ಜೊತೆಗೆ ಭಯವೂ ಸೇರಿಕೊಂಡಿದೆ. ನನ್ನ ತಲೆಯಾಡಿಸುವಿಕೆಯಲ್ಲಿ ಇವೆರಡರ ಪ್ರಮಾಣ ಎಷ್ಟೆಷ್ಟೆಂದು ನನಗೇ ಗೊತ್ತಿಲ್ಲ.

ಮತವಿಲ್ಲದ ಬದುಕಿಗೆ ವಿಚಾರ ಸಿಕ್ಕಿದೆ, ವಿಧಿ ಸಿಕ್ಕಿಲ್ಲ ಎಂಬ ದೂರು ಹಳೆಯದು. ಮದುವೆಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯ ಇದೆ. ಪುರೋಹಿತ, ಮುಹೂರ್ತ, ವರದಕ್ಷಿಣೆಗಳನ್ನು ಕೈಬಿಟ್ಟ ಆ ವಿವಾಹಪದ್ಧತಿಯೂ ಮಂತ್ರವನ್ನು ಇಟ್ಟುಕೊಂಡಿದೆ ಎಂಬುದು ಗಮನಾರ್ಹ. ಸಾವಿಗೆ ಅಂಥದೊಂದು ಇಲ್ಲ. ನಾರಣಪ್ಪನ ಪ್ರಶ್ನೆ ಅಗ್ರಹಾರದಲ್ಲಿ ಮಾತ್ರ ಹುಟ್ಟುವುದಲ್ಲ, ವಿಚಾರವಾದಿಯ ಮನೆಯಲ್ಲಿಯೂ ಹುಟ್ಟುತ್ತದೆ.

ನಮ್ಮ ತಂದೆ ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಗುಡಿಯ ಕಡೆ ತಲೆ ಹಾಕಿದವರಲ್ಲ. ತಾನು ಸತ್ತರೆ ಸುಟ್ಟುಬಿಡಿ, ಹನ್ನೊಂದನೆಯ ದಿನದ ಗಲಾಟೆ ಬೇಡ, ಶಾಲೆಯ ಮಕ್ಕಳಿಗೆ ಒಂದು ಊಟ ಹಾಕಿಸಿ ಎಂದು ಮೊದಲೇ ಹೇಳಿದ್ದರು. ಅವರು ತೀರಿಕೊಂಡಾಗ ತಾಯಿ, ‘ಅವರಿಗೆ ಬೇಡವಾಗಿತ್ತೇನೋ, ನನಗೆ ಬೇಕು ಕಣಪ್ಪ. ಆ ಜೀವ ಎಲ್ಲೋ ಅಲೆಯುತ್ತಿದ್ದರೆ ನನಗೆ ಅನ್ನ ಇಳಿಯೋದಿಲ್ಲ’ ಎಂದರು. ‘ದೇವರು’ ಪುಸ್ತಕವನ್ನು ನಾಲ್ಕು ಸಲ ಓದಿದ ನಾನು ತಲೆ ಬೋಳಿಸಿಕೊಂಡು ಕ್ರಿಯೆಗೆ ಕುಳಿತೆ. ಸತ್ತವರ ಮಾತಿಗೆ ಋಣಿಯಾಗಿರಬೇಕೋ ಬದುಕಿರುವವರ ನೋವಿಗೋ ಎಂದು ಆ ದಿನ ಯೋಚಿಸಲು ಬಿಡುವಿರಲಿಲ್ಲ. ಆಮೇಲೆ ಯೋಚಿಸಿದಾಗಲೂ ಒಂದು ತೀರ್ಮಾನಕ್ಕೆ ಬರಲಾಗಲಿಲ್ಲ. ತಾಯಿಯ ಮೇಲಿನ ಕರುಣೆ ಎಂದು ನಾನು ಕರೆಯುವುದರಲ್ಲಿ ನೆಂಟರ ಮಾತಿನ ಹೆದರಿಕೆಯೂ ಇದ್ದಿರಬಹುದು. ಧರ್ಮಶಾಸ್ತ್ರವಾಗಿದ್ದರೆ ಒಂದು ಉತ್ತರ ಕೊಟ್ಟು ನನ್ನನ್ನು ಬಿಡುಗಡೆ ಮಾಡುತ್ತಿತ್ತು. ಮಾನವತಾವಾದ ಹಾಗೆ ಬಿಡುಗಡೆ ಮಾಡುವುದಿಲ್ಲ. ವಿದ್ಯಾರ್ಥಿನಿಗೆ ನಾನು ಹೇಳಬೇಕಾಗಿದ್ದ ಉತ್ತರದಲ್ಲಿ ಈ ಅನನುಕೂಲವೂ ಸೇರಿರಬೇಕಿತ್ತು.

ಮರುವರ್ಷ ತಿಥಿಯ ದಿನ ಹತ್ತಿರವಾದಾಗ, ಪುರೋಹಿತರಿಗೆ ಹೇಳಿಕಳುಹಿಸಬೇಕೇ ಎಂದು ತಾಯಿಯನ್ನು ಕೇಳಿದೆ. ಅವರು ಸೆರಗಿನ ಗಂಟು ಬಿಚ್ಚಿ, ದಕ್ಷಿಣೆಗೆಂದು ತೆಗೆದಿಟ್ಟಿದ್ದ ಹಣವನ್ನು ಕೊಟ್ಟು, ಶಾಲೆಗೆ ಹೋಗಿ ಎಷ್ಟು ಮಕ್ಕಳಿದ್ದಾರೆಂದು ಕೇಳಿಕೊಂಡು ಬಾ ಎಂದರು. ಐವತ್ತೆರಡು ಮಕ್ಕಳಿದ್ದರು. ಪಾಯಸ ಬಡಿಸುವಾಗ ತಾಯಿ ಮೂಲೆಯಲ್ಲಿ ಒಂದು ಹಣತೆ ಹಚ್ಚಿ, ಅದರ ಪಕ್ಕದಲ್ಲಿ ಒಂದು ಎಲೆಯನ್ನೂ ಹಾಕಿಸಿದರು. ಅದು ಯಾರಿಗೆಂದು ಮಕ್ಕಳು ಕೇಳಲಿಲ್ಲ, ನಾನೂ ಕೇಳಲಿಲ್ಲ. ತಡವಾಗಿ ಬಂದ ಹುಡುಗನೊಬ್ಬನಿಗೆ ಜಾಗ ಸಾಲದಾಯಿತು. ತಾಯಿಯೇ ಅವನನ್ನು ಕೈಹಿಡಿದು ಕರೆದು ಆ ಎಲೆಯ ಮುಂದೆ ಕೂರಿಸಿದರು.